ಜಮಖಾನದ ಕೆಳಗಿನ ರೈಲು

ಶಕುಂತಲಮ್ಮನವರಿಗೆ ರೈಲು ಕಂಡರೆ ಆಗುತ್ತಿರಲಿಲ್ಲ. ಹಾಗೆಂದು ಅವರು ರೈಲಿನಿಂದ ಬಿದ್ದವರಲ್ಲ, ರೈಲಿನಲ್ಲಿ ಏನನ್ನೂ ಕಳೆದುಕೊಂಡವರೂ ಅಲ್ಲ. ಒಬ್ಬನೇ ಮಗ ಪರಮಶಿವನಿಗೆ ಇನ್ನೂ ಮದುವೆಯಾಗದಿರುವುದಕ್ಕೆ ರೈಲೇ ಕಾರಣ ಎಂಬುದು ಅವರ ನಂಬಿಕೆ. ನಂಬಿಕೆಯಲ್ಲಿ ಹುರುಳಿಲ್ಲ ಎನ್ನುವ ಹಾಗೂ ಇರಲಿಲ್ಲ.

ಪರಮಶಿವ ಗುಬ್ಬಿಯಲ್ಲಿ ಕೊಬ್ಬರಿ ಮಾರುವ ಸೊಸೈಟಿಯೊಂದರ ಗುಮಾಸ್ತ. ಮನೆ ಮಾತ್ರ ತುಮಕೂರಿನಲ್ಲಿ, ಶಿರಾ ಗೇಟಿನ ಹಿಂದಿನ ಗಲ್ಲಿಯಲ್ಲಿ. ಗುಬ್ಬಿಗೆ ಹೋಗಲು ಬೇಕಾದಷ್ಟು ಬಸ್ಸುಗಳಿದ್ದವು. ಆದರೆ ಈ ಮಹಾರಾಯ ಊರಿಗೂರೇ ದಾಟಿಕೊಂಡು ಸ್ಟೇಷನ್ನಿಗೆ ನಡೆದು, ಕಲ್ಲಿದ್ದಲಿನ ಇಂಜಿನ್ನು ಎಳೆಯುವ ಪ್ಯಾಸೆಂಜರಿನಲ್ಲೇ ಹೋಗಬೇಕು. ಸಂಜೆ ಬರುವಾಗ ಅಂಗಿಯ ಕಾಲರಿನ ತುಂಬ ಮಸಿ.

"ಬಸ್ಸಲ್ಲಿ ಹೋದ್ರೆ ನಿನ್ನ ಗಂಟೇನೋ ಹೋಗೋದು?" ಎಂದು ಶಕುಂತಲಮ್ಮ ಅಂಗಿ ಒಗೆಯುತ್ತ ಕೇಳುವರು.

"ಡೀಸೆಲ್ ಬಂದಾಯ್ತಮ್ಮ. ಹೊಗೆ ಇಂಜಿನ್ನು ಇನ್ನೆಷ್ಟು ದಿನ ಇರ್ತದೋ ಏನೋ. ಇರೋಗಂಟ ನೋಡ್ಕೊಂಡ್ ಬುಡ್ತೀನಿ."

ಹಾಸಿಗೆ ಹಿಡಿದ ಸೋದರಮಾವನ ಬಗ್ಗೆ ಮಾತಾಡುವಂತೆ ಮಾತಾಡುತ್ತಿದ್ದ. ಭಾನುವಾರ ಬಂದರೆ ಯಲಹಂಕದ ಪುಟ್ಟ ರೈಲು ನೋಡಲು ಹೋಗುವುದು, ಇಲ್ಲವೇ ಮೈಸೂರಿನ ಮ್ಯೂಸಿಯಮ್ಮಿನಲ್ಲಿ ನಿಲ್ಲಿಸಿದ್ದ ಅಜ್ಜನ ಕಾಲದ ಇಂಜಿನ್ನುಗಳ ಮೈದಡವಿ ಬರುವುದು.

ಅಷ್ಟು ಸಾಲದೆಂದು ನಡುಮನೆಯಲ್ಲೇ ಒಂದು ರೈಲು ಕಟ್ಟಿದ್ದ. ಗೋಡೆಯುದ್ದಕ್ಕೂ ಮೊಣಕಾಲೆತ್ತರದ ಹಲಗೆ, ಅದರ ಮೇಲೆ ಹಳಿ. ಹಳಿಯೆಂದರೆ ಮುರಿದ ಛತ್ರಿಯ ಕಡ್ಡಿಗಳು, ಅವುಗಳ ಕೆಳಗೆ ಅಡ್ಡಡ್ಡಲಾಗಿ ಬೆಂಕಿಕಡ್ಡಿಗಳು. ತಗಡು ಕತ್ತರಿಸಿ ಬೆಸೆದ ಕರಿಯ ಇಂಜಿನ್ನಿಗೆ ಲೇತ್ ಅಂಗಡಿಯಲ್ಲಿ ಕಡೆಸಿದ ಚಕ್ರ, ಕೆಟ್ಟ ಟೇಪ್ ರೆಕಾರ್ಡರಿನ ಮೋಟಾರು. ತೆಂಗಿನ ನಾರಿಗೆ ಹಸಿರು ಬಳಿದು ಮರ ಮಾಡಿದ್ದ. ಹಳೆಯ ಪೇಪರು ನೆನೆಸಿ, ಮೆಂತ್ಯ ಹಾಕಿ ಅರೆದು ಗುಡ್ಡ ಮೆತ್ತಿದ್ದ. ಡಬ್ಬಿಯ ಮೆಂತ್ಯವೆಲ್ಲ ಗುಡ್ಡಕ್ಕೆ ಹೋಯಿತೆಂದು ಶಕುಂತಲಮ್ಮ ಗೊಣಗಿದ್ದಷ್ಟೇ. ಆ ಕಡೆ ಕಣ್ಣೆತ್ತಿ ನೋಡಿದವರಲ್ಲ. ಹಲಗೆಯ ಕಾಲು ತಪ್ಪಿಸಿ ಕಸ ಗುಡಿಸಿಕೊಂಡು ಹೋಗುವರು.

ಮೊದಲು ನೋಡಿದ ಹೆಣ್ಣು ತಿಪಟೂರಿನದು. ಮನೆ ಸ್ಟೇಷನ್ನಿನ ಮಗ್ಗುಲಲ್ಲಿತ್ತು. ಹುಡುಗಿ ಉಪ್ಪಿಟ್ಟಿನ ತಟ್ಟೆ ಹಿಡಿದು ಬರುವ ಹೊತ್ತಿಗೆ ಸರಿಯಾಗಿ ಇಂಜಿನ್ನು ಸಿಳ್ಳು ಹಾಕಿತು. "ಈಗ್ ಬಂದೆ" ಎಂದು ಎದ್ದು ಹೋದ ಪರಮಶಿವ ಬರುವಷ್ಟರಲ್ಲಿ ಉಪ್ಪಿಟ್ಟೂ ತಣ್ಣಗಾಗಿತ್ತು, ಹುಡುಗಿಯ ಅಪ್ಪನ ಮುಖವೂ ಗಂಟಾಗಿತ್ತು. ಎರಡನೆಯ ಸಂಬಂಧದವರು ಗುಬ್ಬಿಯಿಂದ ಮನೆ ನೋಡಲು ಬಂದಿದ್ದರು. ನಡುಮನೆಯ ರೈಲು ನೋಡಿ, "ಹುಡುಗ ಇನ್ನೂ ಆಟ ಆಡ್ತಾನೆ" ಎಂದು ನೀರೂ ಮುಟ್ಟದೆ ಎದ್ದರು. ಆವತ್ತು ಶಕುಂತಲಮ್ಮ ಲಿಂಗಪೂಜೆಗೆ ಕೂತು ಅತ್ತುಬಿಟ್ಟರು.

ಮೂರನೆಯದಕ್ಕೆ ಅವರು ರೈಲೇ ಇಲ್ಲದ ಊರು ನೋಡಿ ಹೆಣ್ಣು ಹುಡುಕಿದರು. ಕುಣಿಗಲ್ಲು. ಸಿಳ್ಳು ಕೇಳುವ ಭಯವಿಲ್ಲ, ಮಗ ಕೂತಲ್ಲಿಂದ ಏಳಲಿಲ್ಲ. ಹುಡುಗಿ ದಾಕ್ಷಾಯಣಿ ನೋಡಲು ಲಕ್ಷಣವಾಗಿದ್ದಳು, ಮಾತು ನೇರ. ಇಬ್ಬರನ್ನೂ ಹಿತ್ತಿಲ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಮಾತಾಡಲು ಬಿಟ್ಟಿದ್ದರು. ಅಲ್ಲಿ ಏನು ಮಾತಾಯಿತೋ, ಪರಮಶಿವ ಬಾಯಿ ಬಿಟ್ಟಿರಲಿಲ್ಲ.

ಹಾಗೆ ಎಂಬತ್ತಮೂರನೆಯ ಇಸವಿಯ ಶ್ರಾವಣದ ಒಂದು ಸೋಮವಾರ ಕುಣಿಗಲ್ಲಿನವರು ಮನೆ ನೋಡಲು ಬರುವುದೆಂದು ಗೊತ್ತಾಯಿತು. ಇಂಥ ಭೇಟಿಯಲ್ಲಿ ಹೂಂ, ಉಹೂಂ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮನಸ್ಸಿಗೆ ಬಂದರೆ ಎಲೆ ಹಾಕಿಸಿಕೊಂಡು ಉಣ್ಣುತ್ತಾರೆ. ಬಾರದಿದ್ದರೆ ಕಾಫಿ ಕುಡಿದು, ಬಸ್ಸಿಗೆ ಹೊತ್ತಾಯಿತು ಎನ್ನುತ್ತಾರೆ. ಶಕುಂತಲಮ್ಮ ಬೆಳಗಿನ ಜಾವವೇ ಎದ್ದು ಒಬ್ಬಟ್ಟಿಗೆ ಬೇಳೆ ಇಟ್ಟರು.

ರೈಲನ್ನು ಮುಚ್ಚುವುದಕ್ಕೆ ಪರಮಶಿವ ಒಪ್ಪಿದ್ದ. ಹಳೆಯ ಪಂಚೆಯೊಂದನ್ನು ಮೇಲೆ ಹೊದಿಸಿ, ಬೀಗರಾಗುವವರನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಹೋದ. ಪಂಚೆಯ ಕೆಳಗೆ ಗುಡ್ಡಗಳೆಲ್ಲ ಉಬ್ಬಿಕೊಂಡು, ಯಾರೋ ಮಲಗಿರುವ ಹಾಗೆ ಕಾಣುತ್ತಿತ್ತು. ಶಕುಂತಲಮ್ಮನಿಗೆ ಸರಿಬರಲಿಲ್ಲ. ಪಂಚೆಯ ಮೇಲೆಯೇ ತಗ್ಗಿದ್ದ ಕಡೆಯೆಲ್ಲ ದಿಂಬು, ಮಡಿಸಿದ ಸೀರೆ ತುಂಬಿ ಸಮ ಮಾಡಿದರು. ಮೇಲೆ ತಮ್ಮ ಮದುವೆಯಲ್ಲಿ ಬಂದಿದ್ದ ಕೆಂಪು ಜಮಖಾನ ಹಾಸಿ, ಗೋಡೆಗೆ ಎರಡು ಒರಗುದಿಂಬು ಇಟ್ಟರು. ದೂರ ನಿಂತು ನೋಡಿದರೆ ಸಾಹುಕಾರರ ಮನೆಯ ದಿವಾನ್! ತಮ್ಮ ಜಾಣತನಕ್ಕೆ ತಾವೇ ಬೀಗಿದರು. ಕೂರುವುದಕ್ಕೆಂದು ಪಕ್ಕದ ಮನೆಯಿಂದ ಕುರ್ಚಿ ತರಿಸಿ ಇಟ್ಟಿದ್ದಾಗಿತ್ತು.

ಬಂದವರು ಮೂವರು. ಹುಡುಗಿಯ ಅಪ್ಪ ಗುರುಸಿದ್ದಯ್ಯ, ಅಜ್ಜಿ ನಿಂಗಮ್ಮ, ಸೋದರಮಾವ ಅಡವಿಯಪ್ಪ. ಅಜ್ಜಿ ಕಡ್ಡಿಯಂತಿದ್ದರೂ ಆ ಮನೆಯಲ್ಲಿ ಅವರ ಮಾತೇ ಮಾತು. ಅಡವಿಯಪ್ಪನ ಗಾತ್ರಕ್ಕೆ ಶಕುಂತಲಮ್ಮನ ಮನೆಯ ಬಾಗಿಲು ಸ್ವಲ್ಪ ಕಿರಿದಾಯಿತು ಎಂದೇ ಹೇಳಬೇಕು.

"ಕುಂತ್ಕೊಳ್ಳಿ, ಕುಂತ್ಕೊಳ್ಳಿ" ಎಂದು ಶಕುಂತಲಮ್ಮ ಕುರ್ಚಿ ತೋರಿಸಿದರು.

"ಈ ಕುರ್ಚಿ ನನ್ನ ತಡೆಯಕ್ಕಿಲ್ಲ, ಬುಡಿ ತಾಯಿ. ಇಲ್ಲೇ ಆರಾಮಾಗದೆ" ಎಂದು ಅಡವಿಯಪ್ಪ ಸೀದಾ ಜಮಖಾನದ ಮೇಲೆ ಕೂತರು.

ಕಟಕ್ ಎಂದಿತು. ಬಾಗಿಲಲ್ಲಿ ನಿಂತಿದ್ದ ಪರಮಶಿವನ ಮುಖದಲ್ಲಿ ರಕ್ತವೇ ಇಲ್ಲ. ಆದರೆ ಹೆಣ್ಣು ಕೊಡಲು ಬಂದವರಿಗೆ ಅಲ್ಲಿ ಕೂರಬೇಡಿ, ಏಳಿ ಎನ್ನುವುದುಂಟೇ? ಅಂಥ ಮಾತಾಡಿದ ಮನೆಗೆ ಯಾರು ಹೆಣ್ಣು ಕೊಟ್ಟಾರು? ತಾಯಿ ಮಗ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡರು. ಅಡವಿಯಪ್ಪ ಒರಗುದಿಂಬಿಗೆ ಒರಗಿದರೆ ಒಂದು ಕಟಕ್, ಕಾಫಿಗೆ ಕೈ ಚಾಚಿದರೆ ಇನ್ನೊಂದು. ಒಂದೊಂದಕ್ಕೂ ಪರಮಶಿವ ಕಣ್ಣು ಮುಚ್ಚಿ ತೆರೆಯುತ್ತಿದ್ದ.

ಮಾತು ಮಠದ ದಾಸೋಹದಿಂದ ತೆಂಗಿನಕಾಯಿಯ ಧಾರಣೆಗೆ ಬಂದಿತ್ತು. ಅಡವಿಯಪ್ಪ ಕಾಲು ಮೇಲೆತ್ತಿ ಚಕ್ಕಲಮಕ್ಕಲ ಹಾಕಿಕೊಂಡರು ನೋಡಿ, ಕೆಳಗೆಲ್ಲೋ ಸ್ವಿಚ್ಚು ಒತ್ತಿಹೋಯಿತು. ಗುರ್‍ರ್ ಎಂದು ದಿಂಬುಗಳ ನಡುವೆ ಸಿಕ್ಕಿಕೊಂಡ ಇಂಜಿನ್ನು ಅಬ್ಬರಿಸಿತು.

"ಅಯ್ಯಯ್ಯೋ! ಹಾವು ಕಣ್ರಪ್ಪೋ!" ಎಂದು ಆ ದೇಹ ಒಂದೇ ನೆಗೆತಕ್ಕೆ ಬಾಗಿಲ ಬಳಿ ಹೋಗಿ ನಿಂತಿತು. ಗುರುಸಿದ್ದಯ್ಯ ಜಮಖಾನದ ತುದಿ ಹಿಡಿದು ಎಳೆದರು. ದಿಂಬು, ಸೀರೆ, ಪಂಚೆಗಳೆಲ್ಲ ಅದರ ಜೊತೆಗೇ ಉರುಳಿ ಬಿದ್ದವು.

ರೈಲು ಬಟ್ಟಬಯಲಾಯಿತು. ನಾರಿನ ಮರಗಳು ಅಡ್ಡಬಿದ್ದಿದ್ದವು, ಒಂದು ಗುಡ್ಡ ಅಪ್ಪಚ್ಚಿಯಾಗಿತ್ತು.

"ಏನಿದು?" ಎಂದರು ಗುರುಸಿದ್ದಯ್ಯ.

"ಪಕ್ಕದ್ಮನೆ ಮಕ್ಕಳದು ಕಣ್ರೀ, ಇಲ್ಲಿ ತಂದಿಟ್ಟವ್ರೆ" ಎಂದು ಶಕುಂತಲಮ್ಮ ಥಟ್ಟನೆ ಹೇಳಿಬಿಟ್ಟರು. ಸುಳ್ಳು ಅಷ್ಟು ಸಲೀಸಾಗಿ ಬಾಯಿಂದ ಬಂದದ್ದಕ್ಕೆ ಅವರಿಗೇ ಗಾಬರಿಯಾಯಿತು. ಮಗ ಹೂಂ ಎಂದರೆ ಸಾಕಿತ್ತು, ಎಲ್ಲ ಸರಿಹೋಗುತ್ತಿತ್ತು. ಕಣ್ಣಲ್ಲೇ ಬೇಡಿಕೊಂಡರು.

ಪರಮಶಿವ ಮುಂದೆ ಬಂದು ಸ್ವಿಚ್ಚು ಆರಿಸಿದ. "ಇಲ್ಲ. ನಂದೇ. ನಾನೇ ಮಾಡಿದ್ದು."

ಶಕುಂತಲಮ್ಮ ಕಂಬ ಹಿಡಿದುಕೊಂಡರು. ಒಬ್ಬಟ್ಟನ್ನು ಯಾರ ಮನೆಗೆ ಹಂಚುವುದು ಎಂಬ ಯೋಚನೆಯೂ ಬಂತು. ಗುರುಸಿದ್ದಯ್ಯ ಅಜ್ಜಿಯ ಮುಖ ನೋಡಿದರು. ನಿಂಗಮ್ಮ ಆಗಲೇ ಕುರ್ಚಿಯಿಂದಿಳಿದು ಹಲಗೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದರು.

"ಇದ್ಯಾವೂರ್ಲಾ?"

"ಗುಬ್ಬಿ, ಅಜ್ಜಿ."

"ಇದು?"

"ಮಲ್ಲಸಂದ್ರ. ಅದು ತುಮಕೂರು."

ಅಜ್ಜಿಯ ಬೆರಳು ಹಳಿಯ ಮೇಲೆಯೇ ಸರಿಯುತ್ತಾ ತುಮಕೂರು ದಾಟಿತು. ಅಲ್ಲಿಂದಾಚೆಗಿನ ಛತ್ರಿಕಡ್ಡಿಗೆ ಇನ್ನೂ ತುಕ್ಕು ಹಿಡಿದಿರಲಿಲ್ಲ, ಹೊಸದಾಗಿ ಹೊಳೆಯುತ್ತಿತ್ತು. ಅದು ಅಪ್ಪಚ್ಚಿಯಾದ ಗುಡ್ಡವನ್ನು ಸುತ್ತಿಕೊಂಡು ಒಂದು ಪುಟ್ಟ ಸ್ಟೇಷನ್ನಿಗೆ ಹೋಗಿ ನಿಂತಿತ್ತು. "ಇಲ್ಲೇನ್ ಬರ್ದದೆ, ನೋಡ್ಲಾ ಗುರುಸಿದ್ದ."

ಗುರುಸಿದ್ದಯ್ಯ ಬಗ್ಗಿ ಬೋರ್ಡು ಓದಿದರು. ಇನ್ನೊಮ್ಮೆ ಓದಿದರು. "ಕುಣಿಗಲ್ ಅಂತದೆ ಕಣವ್ವ."

"ನಮ್ಮೂರಿಗೆಲ್ಲಿ ಅದೆ ರೈಲು?" ಬಾಗಿಲಿನಿಂದ ಅಡವಿಯಪ್ಪ ಕೇಳಿದರು.

ಪರಮಶಿವ ತಲೆ ತಗ್ಗಿಸಿದ. ಕಿವಿ ಕೆಂಪಗಾಗಿತ್ತು. "ಇಲ್ಲ. ಅವತ್ತು ನಿಮ್ಮನೆ ಹಿತ್ಲಲ್ಲಿ ಅವ್ರು, ನಾನಿನ್ನೂ ರೈಲು ಹತ್ತಿಲ್ಲ, ನಮ್ಮೂರಿಗೆ ರೈಲೇ ಬರಲ್ಲ ಅಂದ್ರು. ಮನೆಗ್ ಬಂದು ಹಾಕ್ದೆ."

ಅಜ್ಜಿ ಅಪ್ಪಚ್ಚಿಯಾದ ಗುಡ್ಡ ಮುಟ್ಟಿ ಕೇಳಿದರು. "ಈ ಗುಡ್ಡ ಯಾವ್ದು, ಚಪ್ಪಟೆ ಆಗದಲ್ಲ?"

"ಹುತ್ರಿದುರ್ಗ. ಆಚೆ ಜಾಗ ಸಾಲ್ದೆ ಈಚೆಗಿಟ್ಟೆ."

"ನೋಡ್ಲಾ ಅಡವಿಯಪ್ಪ! ಇಷ್ಟೊತ್ತೂ ನನ್ ತವರೂರ್ ಮೇಲೆ ಕುಂತಿದ್ಯಲ್ಲೋ!" ಎಂದು ನಿಂಗಮ್ಮ ಕೈತಟ್ಟಿ ನಕ್ಕರು. ಗುರುಸಿದ್ದಯ್ಯ ನಗು ತಡೆಯಲು ಹೆಗಲ ವಸ್ತ್ರವನ್ನು ಬಾಯಿಗೆ ಒತ್ತಿಕೊಂಡರು. ಅಜ್ಜಿ ಅಡವಿಯಪ್ಪನನ್ನು ಕೈಬೀಸಿ ಕರೆದರು. "ಬಾ, ಕಟ್ಟಿಕೊಡು. ರೈಲು ನಮ್ಮೂರು ಮುಟ್ಟೋಗಂಟ ನಾನ್ ಇಲ್ಲಿಂದ ಏಳಕ್ಕಿಲ್ಲ."

ಅಡವಿಯಪ್ಪ ತಪ್ಪಿತಸ್ಥನಂತೆ ಬಂದು ನೆಲಕ್ಕೆ ಕೂತರು. ಆ ದಪ್ಪ ಬೆರಳುಗಳಲ್ಲಿ ಕಡ್ಡಿ ಹಿಡಿದುಕೊಂಡರು, ಪರಮಶಿವ ಇಕ್ಕಳದಿಂದ ಬಾಗಿದ್ದನ್ನು ನೆಟ್ಟಗೆ ಮಾಡಿದ. ಸ್ವಿಚ್ಚು ಹಾಕಿದ. ಇಂಜಿನ್ನು ಗುಬ್ಬಿ ಬಿಟ್ಟು, ತುಮಕೂರು ದಾಟಿ, ಹುತ್ರಿದುರ್ಗದ ಬುಡದಲ್ಲಿ ಒಂದು ಸಲ ಮುಗ್ಗರಿಸಿ, ಕುಣಿಗಲ್ಲಿಗೆ ಬಂದು ನಿಂತಿತು.

"ಬಂತು ಕಣ್ಲಾ" ಎಂದರು ನಿಂಗಮ್ಮ. ಸೊಂಟ ಹಿಡಿದುಕೊಂಡು ಎದ್ದು ಶಕುಂತಲಮ್ಮನ ಕಡೆ ತಿರುಗಿದರು. "ಎಲೆ ಹಾಕವ್ವ. ಹೊಟ್ಟೆ ಹಸೀತದೆ."

ಶಕುಂತಲಮ್ಮ ಕಂಬ ಬಿಡಲಿಲ್ಲ. ಹುಡುಗಿ ಒಪ್ಪಿಗೆಯೇನೋ ಎಂದು ಎಷ್ಟು ಸಲ ಕೇಳಿದ್ದರು! ನಿಮ್ಮಿಷ್ಟ ಅಮ್ಮ ಎನ್ನುವುದು ಬಿಟ್ಟರೆ ಮಗನಿಂದ ಬೇರೆ ಮಾತು ಬಂದಿರಲಿಲ್ಲ. ಇವನಿಗೆ ಮದುವೆಯ ಆಸೆಯೇ ಇಲ್ಲವೇನೋ ಎಂದು ಒಳಗೊಳಗೇ ಸವೆದಿದ್ದರು. ಅವನು ಉತ್ತರ ಕೊಟ್ಟೇ ಇದ್ದ, ಅವರದೇ ನಡುಮನೆಯಲ್ಲಿ. ಅವರು ದಿನಾ ಅದರ ಕಾಲು ತಪ್ಪಿಸಿ ಕಸ ಗುಡಿಸಿಕೊಂಡು ಹೋಗಿದ್ದರು. ನಾಚಿಕೆಯೂ ಆಯಿತು, ಸಂತೋಷವೂ ಆಯಿತು, ಎರಡೂ ಸೇರಿ ಕಣ್ಣಲ್ಲಿ ನೀರು ಬಂತು.

ಸೆರಗಿನಿಂದ ಕಣ್ಣೊರೆಸಿಕೊಂಡು ಹಲಗೆಯ ಹತ್ತಿರ ಹೋದರು. ಅಜ್ಜಿ ಕೂತಿದ್ದ ಜಾಗದಲ್ಲೇ ಕೂತರು.

"ಒಂದ್ ಗಳಿಗೆ ತಡೀರವ್ವ, ಹಾಕ್ತೀನಿ" ಎಂದು ನಿಂಗಮ್ಮನಿಗೆ ಹೇಳಿ, ಮಗನ ಕಡೆ ನೋಡಿದರು. "ಇನ್ನೊಂದ್ ಸಲ ಗುಬ್ಬಿಯಿಂದ ಬುಡೋ ಪರಮಶಿವ. ನಾನು ನೋಡೇ ಇಲ್ಲ."