ಮೂರು ತಿಂಗಳ ಸೊನ್ನೆ

ಹಲ್ಲು ಕೀಳಿಸಿಕೊಳ್ಳುತ್ತಲೇ ಮೂವತ್ತು ಅಂಗಿ ಹೊಲಿದು ಮುಗಿಸಿದ್ದಳಂತೆ ಆ ದರ್ಜಿ ಹೆಂಗಸು. ನೋವೇ ಅವಳನ್ನು ಕಂಡರೆ ಬೇರೆ ಬೀದಿ ಹಿಡಿಯುತ್ತಿತ್ತಂತೆ. ಗರ್ಭಕೋಶದ ಒಳಪದರದಂಥದ್ದು ಹೊರಗೆಲ್ಲ ಬೆಳೆದು ನೋಯಿಸುವ ಎಂಡೊಮೆಟ್ರಿಯೋಸಿಸ್ ಕಾಯಿಲೆಯ ಸಂಶೋಧನೆಯ ಡಾಕ್ಟರು ಕೊಟ್ಟ ಪುಸ್ತಕದಲ್ಲಿ ದಿನದ ಹೊಟ್ಟೆನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕಬೇಕಿತ್ತು. ಮೂರು ತಿಂಗಳೂ ಅವಳು ಹಾಕಿದ್ದು ಬರೀ ಸೊನ್ನೆ.

ಡಾಕ್ಟರು ಸ್ಕ್ಯಾನ್ ನೋಡಿ ಹುಬ್ಬು ಗಂಟಿಕ್ಕಿದರು. "ಅಂಡಾಶಯದಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಇದೆಯಮ್ಮ, ಅದು ಬೆಳೆದಷ್ಟೂ ಅಂಡಾಣು ಕಡಿಮೆಯಾಗುತ್ತೆ. ಮಗು ಬೇಕಂದ್ರೆ ಆಪರೇಷನ್‌ಗೆ ಮುಂಚೆ ಅಂಡಾಣು ತೆಗೆದು ಫ್ರೀಜ್ ಮಾಡಿ ಇಡಬೇಕು. ನೋವು ಇಲ್ಲವೇ ಇಲ್ವಾ?"

"ನಂದು ಕಬ್ಬಿಣದ ಹೊಟ್ಟೆ, ಡಾಕ್ಟ್ರೇ."

"ಮತ್ತೆ ನಿನ್ನೆ ಮಿಷನ್ ಮೇಲೆ ಮೂರ್ಛೆ ಹೋಗಿದ್ದು ಯಾರೇ, ನಾನಾ?" ಎಂದಳು ಜೊತೆಗಿದ್ದ ಅತ್ತಿಗೆ.

ದರ್ಜಿ ಸೊನ್ನೆಗಳ ಪುಸ್ತಕವನ್ನು ಮುಚ್ಚಿಟ್ಟಳು. "ನಿಜ ಬರೆದ್ರೆ ಗರ್ಭಕೋಶಾನೇ ತೆಗೆದುಬಿಡ್ತೀರಿ ಅಂತ ಹೆದರಿದ್ದೆ, ಡಾಕ್ಟ್ರೇ. ದಿನಾ ಹತ್ತೇ ಇತ್ತು. ಅಂಡಾಣು... ಇನ್ನೂ ಉಳಿದಿರುತ್ತಾ?"