ಮೇಲ್ಮೇಲೆ ಕೆರೆದದ್ದು

೨೦೨೫ರ ಮಾರ್ಚ್ ೧೧, ಮಂಗಳವಾರ, ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ತಂಗಿ ತನ್ನ ನಾಯಿಯನ್ನು ಎರಡನೇ ಸಲ ಅಕ್ಕನ ಚಿಕಿತ್ಸಾಲಯಕ್ಕೆ ಕರೆತಂದಳು. ಮರಿಯಾಗಿದ್ದಾಗ ಮೈತುಂಬ ದಟ್ಟ ಕೂದಲಿತ್ತೆಂದು ಅದಕ್ಕೆ ಕಂಬಳಿ ಎಂದೇ ಹೆಸರಿಟ್ಟಿದ್ದರು. ಈಗ ಮುಖ, ಕತ್ತು, ಮುಂಗಾಲುಗಳೆಲ್ಲ ಬೋಳು.

“ಕಂಬಳಿ ಹೋಗಿ ಕರವಸ್ತ್ರ ಆಯ್ತು ಕಣೇ,” ಎಂದಳು ತಂಗಿ.

ಪಶುವೈದ್ಯೆಯಾದ ಅಕ್ಕನಿಗೆ ನಗು ಬರಲಿಲ್ಲ. ಅವಳು ನೋಡುತ್ತಿದ್ದದ್ದು ತಂಗಿಯ ಕೈಗಳನ್ನು. ಬೆರಳ ಸಂದುಗಳು ಕೆಂಪಾಗಿ ಬಿರಿದಿದ್ದವು.

“ಇದೇನೇ ಕೈ ಹೀಗೆ?”

“ಕಜ್ಜಿ, ಮನುಷ್ಯರಿಗೂ ಅಂಟುತ್ತೆ, ಮನೆ ಚೊಕ್ಕಟ ಇಟ್ಕೊಳೋದು ಯಾವತ್ತು ಕಲೀತೀಯಾ ಅಂತ ನೀನೇ ಬೈದ್ಯಲ್ಲ. ದಿನಾ ಔಷಧಿ ನೀರಲ್ಲಿ ನೆಲ ಉಜ್ತಿದೀನಿ. ಇವನನ್ನ ಹಿಂದಿನ ಶೆಡ್ಡಲ್ಲಿ ಕಟ್ಟಿದೀವಿ. ಮಾವನೋರು ನನ್ನ ಹತ್ರ ಮಾತು ಬಿಟ್ಟಿದಾರೆ. ಇವನು ಅವರ ಮಂಚದ ಕೆಳಗೇ ಮಲಗ್ತಿದ್ನಲ್ಲ?”

ಬೈದದ್ದು ಐದು ವಾರದ ಹಿಂದೆ. ಹುಳದ ಪರೀಕ್ಷೆಗೆ ಚರ್ಮವನ್ನು ಹಿಂಡಿ, ರಕ್ತದ ಹನಿ ಜಿನುಗುವವರೆಗೆ ಬ್ಲೇಡಿನಿಂದ ಕೆರೆಯಬೇಕೆಂಬುದು ನಿಯಮ; ಕೂದಲ ಬುಡದ ಹುಳ ಅಷ್ಟು ಆಳದಲ್ಲಿರುತ್ತದೆ. ಅವತ್ತು ಕಂಬಳಿ ಕುಂಯ್‌ಗುಟ್ಟಿತು. ಅಂಗೈಯಲ್ಲಿ ಆಡಿಸಿದ ಮರಿಯಲ್ಲವೇ ಎಂದು ಅಕ್ಕನ ಕೈ ಹಿಂಜರಿಯಿತು. ಮೇಲ್ಮೇಲೆ ಕೆರೆದಳು. ಸೂಕ್ಷ್ಮದರ್ಶಕದ ಗಾಜಿನ ಮೇಲೆ ಏನೂ ಕಾಣಲಿಲ್ಲ. ‘ಕಾಣಲಿಲ್ಲ ಅನ್ನೋದು ಬೇರೆ, ಇಲ್ಲ ಅನ್ನೋದು ಬೇರೆ’ ಎಂದು ಕಿರಿಯ ವೈದ್ಯರಿಗೆ ಪಾಠ ಹೇಳುತ್ತಿದ್ದವಳು, ಕಣ್ಣಂದಾಜಿನಲ್ಲೇ ಕಜ್ಜಿ ಎಂದುಬಿಟ್ಟಳು. ಜೊತೆಗೆ ತುರಿಕೆ ಅಡಗಿಸುವ ಸ್ಟೆರಾಯ್ಡ್ ಮಾತ್ರೆ.

ಈಗ ಹಿಂಡಿ ಕೆರೆದಳು. ರಕ್ತ ಬಂತು. ಕೆರೆದದ್ದನ್ನು ಗಾಜಿನ ಮೇಲೆ ಎಣ್ಣೆಯ ಹನಿಯಲ್ಲಿ ಕಲಸಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಉದ್ದ ಮೈ, ಮುಂಭಾಗದಲ್ಲಿ ಒತ್ತಾಗಿ ಮೋಟು ಕಾಲುಗಳು. ಒಂದಲ್ಲ, ಹಿಂಡು. ದೇಹದ ತಡೆಶಕ್ತಿ ತಗ್ಗಿಸುವ ಆ ಮಾತ್ರೆಯೇ ಈ ಹುಳಗಳನ್ನು ಮೇಯಿಸಿತ್ತು.

‘ರೋಗ ಸ್ವಲ್ಪ ದಾರಿ ಬದಲಿಸಿದೆ’ ಎಂದರೆ ಮುಗಿಯುತ್ತಿತ್ತು. ಮಾತು ನಾಲಿಗೆ ತುದಿಗೂ ಬಂದಿತ್ತು. ತಂಗಿ ಒಡೆದ ಕೈಗಳಿಂದ ನಾಯಿಯ ಕಿವಿ ಸವರುತ್ತಿದ್ದಳು.

“ಬಾ, ನೋಡಿಲ್ಲಿ.”

“ಅಯ್ಯೋ, ಬಾಲ ಬಂದಿರೋ ಜೀರಿಗೆ ಥರ ಇದೆ!”

“ಇದು ಕಜ್ಜಿ ಹುಳ ಅಲ್ಲ, ಕೂದಲ ಬುಡದ್ದು. ಮನುಷ್ಯರಿಗೆ ಅಂಟೋದಲ್ಲ. ಕೊಳಕಿಂದ ಬರೋದೂ ಅಲ್ಲ. ಅವತ್ತು ನಾನು ಸರಿಯಾಗಿ ಕೆರೀಲಿಲ್ಲ. ತಪ್ಪು ಮಾತ್ರೆ ಕೊಟ್ಟೆ.”

ತಂಗಿ ಕಣ್ಣೆತ್ತಿದಳು. “ಹಾಗಾದ್ರೆ ಶೆಡ್ಡು?”

“ಬೇಕಿರ್ಲಿಲ್ಲ.”

“ನಾನು ಉಜ್ಜಿದ್ದು?”

“ಅದೂ ಬೇಕಿರ್ಲಿಲ್ಲ.”

ತಂಗಿ ಫೋನು ಮುಂದಕ್ಕೆ ತಳ್ಳಿದಳು. “ಮಾವನೋರಿಗೆ ನೀನೇ ಹೇಳು.”

ಹೇಳಿದಳು. ಆ ಕಡೆ ಮುದುಕರು ಕೆಮ್ಮಿ, “ತಪ್ಪು ಯಾರದು ಅನ್ನೋದು ಇರ್ಲಿ, ಡಾಕ್ಟ್ರಮ್ಮ. ಅವನು ಇವತ್ತು ಒಳಗೆ ಮಲಗಬಹುದಾ?” ಎಂದರು.

“ಮಲಗಬಹುದು.”

“ಸೊಸೆಗೆ ಫೋನು ಕೊಡಿ, ತಾಯಿ.”

ಹೊಸ ಮಾತ್ರೆಯ ಪ್ರಮಾಣಕ್ಕೆ ತೂಕ ಬೇಕಿತ್ತು. ಅಕ್ಕ ಕೈ ಚಾಚಿದರೆ ಕಂಬಳಿ ಮೇಜಿನ ಕೆಳಗೆ ಸರಿಯಿತು. ಕೊನೆಗೆ ತಂಗಿಯೇ ಎತ್ತಿ ತಕ್ಕಡಿಯ ಮೇಲೆ ನಿಲ್ಲಿಸಿದಳು. ಐದು ವಾರದ ಹಿಂದಿನ ಚೀಟಿಯಲ್ಲಿ ಹದಿನಾಲ್ಕು ಕಿಲೋ ಇನ್ನೂರು ಗ್ರಾಂ ಎಂದಿತ್ತು. ಅಕ್ಕ ಅದರ ಕೆಳಗೆ ಇವತ್ತಿನದನ್ನು ಬರೆದಳು: ಹನ್ನೆರಡು ಕಿಲೋ ನೂರು ಗ್ರಾಂ.