ಬಾಗಿಲ ದೇವರ ಬೆನ್ನು

ಹೊಸ ವರ್ಷಕ್ಕೆ ಮೊದಲು ಮನೆ ಗುಡಿಸಿ, ಕಸ ಹೊರಗೆ ಹಾಕಿ, ಆಮೇಲೆ ಬಾಗಿಲಿಗೆ ಕಾವಲು ದೇವರ ಚಿತ್ರ ಅಂಟಿಸಬೇಕು. ನಾನು ಬರೀ ಚಿತ್ರ ಅಂಟಿಸಿದೆ. ಚೀನಾದ ಶಿಯಾನ್ ನಗರದ ಈ ಬಾಡಿಗೆ ಮನೆಗೆ ಬಂದು ಮೂರು ದಿನವಾಗಿತ್ತಷ್ಟೆ. ಪೆಟ್ಟಿಗೆಗಳನ್ನೇ ಬಿಚ್ಚಿರಲಿಲ್ಲ, ಇನ್ನು ಪೊರಕೆ ಹಿಡಿಯುವವರು ಯಾರು?

ಹಬ್ಬದ ಬೆಳಿಗ್ಗೆ ಗಂಡ ಝೆನ್‌ಹಾಯ್ ರೈಲು ನಿಲ್ದಾಣದಿಂದ ಅತ್ತೆಯನ್ನು ಕರೆತಂದ. ನಾನು ಬಾಗಿಲು ತೆರೆದೆ. ಅತ್ತೆ ಹೊಸ್ತಿಲು ದಾಟಲಿಲ್ಲ.

“ಗುಡಿಸಿ ತಾನೇ ಅಂಟಿಸಿದ್ದು?”

“ಗುಡಿಸೇ ಇಲ್ಲ ಅತ್ತೆ. ಬಂದ ತಕ್ಷಣ ಶುರು ಮಾಡ್ಬೇಡಿ. ಒಳಗೆ ಬನ್ನಿ, ಕಡುಬು ಆರಿಹೋಗ್ತಿದೆ.”

“ವರ್ಷಗಟ್ಟಲೆ ಖಾಲಿ ಬಿದ್ದಿದ್ದ ಮನೆ ಕಣೇ ಇದು. ಒಳಗೆ ಸೇರ್ಕೊಂಡಿರೋದನ್ನ ಮೊದಲು ಆಚೆ ಹಾಕ್ಬೇಕು. ಬಾಗಿಲಿಗೆ ಕಾವಲು ಕೂರಿಸಿದ್ಮೇಲೆ ಅದು ಹೊರಗೆ ಹೋಗೋದು ಹೇಗೆ?”

ನನಗೆ ರೇಗಿತು. “ಒಂದು ಕಾಗದದ ಚಿತ್ರಕ್ಕೆ ಇಷ್ಟೊಂದು ರಗಳೆನಾ?”

ಅತ್ತೆ ಬಾಗಿಲಿನ ಹೊರಮೈ ತೋರಿಸಿದರು. ನಿನ್ನೆ ಅಂಟಿಸಿದಾಗ ಚಿತ್ರದಲ್ಲಿದ್ದ ಇಬ್ಬರು ಗಡ್ಡದ ಸೇನಾಪತಿಗಳೂ ಕಣ್ಣು ಕೆಕ್ಕರಿಸಿ ಮೆಟ್ಟಿಲ ಕಡೆ ನೋಡುತ್ತಿದ್ದರು. ಈಗ ಕಾಣುತ್ತಿದ್ದದ್ದು ಅವರ ಬೆನ್ನು ಮಾತ್ರ. ಇಬ್ಬರೂ ಈಟಿ ಎತ್ತಿ ಮನೆಯೊಳಕ್ಕೆ ಮುಖಮಾಡಿ ನಿಂತಿದ್ದರು.

“ಆಚೆ ಬಾರೇ,” ಅತ್ತೆ ಪಿಸುಗುಟ್ಟಿದರು. ಅವರ ಹಿಂದೆ ಝೆನ್‌ಹಾಯ್ ಮೀನಿನ ಚೀಲ ಹಿಡಿದು ಬಿಳಿಚಿಕೊಂಡು ನಿಂತಿದ್ದ.

ನಾನು ಕಾಲೆತ್ತಿದೆ. ಅಷ್ಟರಲ್ಲಿ ಬೆನ್ನ ಹಿಂದೆ, ಅಡುಗೆಮನೆಯಿಂದ, ಝೆನ್‌ಹಾಯ್‌ನದೇ ದನಿ ಕೇಳಿಸಿತು:

“ಯಾರೇ ಅದು? ಬಾಗಿಲು ಹಾಕ್ಕೊಂಡು ಬಾ, ಕಡುಬು ಆರಿಹೋಗ್ತಿದೆ.”